ಹಡಗುಕಟ್ಟೆಯವನನ್ನು ಗೆಲ್ಲಿಸಿದ ತಪ್ಪು

ಚಿಂತೆ ಮಾಡುವುದರಲ್ಲಿ ನನಗೆ ಬಹಳ ವರ್ಷಗಳ ಅನುಭವವಿದೆ. ಸ್ಟಾಕ್‌ಪೋರ್ಟ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನವರೆಗೆ ಹೋಗಿ, ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದ್ದೇನೋ ಇಲ್ಲವೋ ಎಂಬ ಅನುಮಾನ ಬಂದು, ಮ್ಯಾಂಚೆಸ್ಟರಿನ ಪಿಕಡಿಲಿಗೆ ಹೋಗುವ ರೈಲು ಎದುರಿಗೇ ಬಂದು ನಿಂತರೂ ಹತ್ತದೆ ಮನೆಗೆ ಓಡಿಬಂದವಳು ನಾನು. ಅವತ್ತು ಇಸ್ತ್ರಿಯನ್ನೇ ಮಾಡಿರಲಿಲ್ಲ. ವಾರಕ್ಕೆ ಮೂರು ದಿನ ಒಂದು ಜಿಪಿ ಸರ್ಜರಿಯ, ಅಂದರೆ ಇಲ್ಲಿನ ಬಡಾವಣೆ ಡಾಕ್ಟರ ಕ್ಲಿನಿಕ್ಕಿನ, ರಿಸೆಪ್ಶನ್ನಿನಲ್ಲಿ ಕೂತು, ಫೋನ್ ಮಾಡಿದವರಿಗೆಲ್ಲ ಗಾಬರಿಯಾಗಬೇಡಿ ಎಂದು ಹೇಳುವುದು ನನ್ನ ಕೆಲಸ. ಆ ಮಾತನ್ನು ಇಷ್ಟು ಗಾಬರಿಯಿಂದ ಹೇಳುವವರು ಉತ್ತರ ಇಂಗ್ಲೆಂಡಿನಲ್ಲಿ ಇನ್ನೊಬ್ಬರಿಲ್ಲ ಎಂಬುದು ನನ್ನ ಗಂಡನ ಅಭಿಪ್ರಾಯ.

ಇಂಥ ನಾನು ನಲವತ್ತೇಳನೇ ವಯಸ್ಸಿನಲ್ಲಿ ಮ್ಯಾಂಚೆಸ್ಟರಿನ ಒಂದು ವಿಶ್ವವಿದ್ಯಾಲಯದಲ್ಲಿ ಕಾನೂನಿನ ಸ್ನಾತಕೋತ್ತರ ತರಗತಿಗೆ ಸೇರಿದೆ. ಇಪ್ಪತ್ತೈದು ವರ್ಷಗಳ ಹಿಂದೆ ಮೈಸೂರಿನ ಒಂದು ಸಂಜೆ ಕಾಲೇಜಿನಲ್ಲಿ ಎಲ್‌ಎಲ್‌ಬಿ ಮುಗಿಸಿ, ಒಂದೂವರೆ ವರ್ಷ ಕರಿಕೋಟು ಹಾಕಿಕೊಂಡು ಓಡಾಡಿ, ಆಮೇಲೆ ಧಾರವಾಡದ ಡಾಕ್ಟರನ್ನು ಮದುವೆಯಾಗಿ, ಅವರ ಆಸ್ಪತ್ರೆಗಳ ಹಿಂದೆ ಹಿಂದೆಯೇ ಇಂಗ್ಲೆಂಡಿನ ಆರು ಊರುಗಳಲ್ಲಿ ಬಾಡಿಗೆ ಮನೆಗಳ ಗೋಡೆಗೆ ಮೊಳೆ ಹೊಡೆಯದೆ ಬದುಕಿದ್ದೆ. ಅರ್ಜಿಯಲ್ಲಿ ಕಾಲೇಜಿನ ವಿವರ ಬರೆಯುವಾಗ 'ಸಂಜೆ' ಎಂಬ ಪದವನ್ನು ಮೆಲ್ಲಗೆ ಬಿಟ್ಟಿದ್ದೆ. ಯಾರೂ ಕೇಳಲಿಲ್ಲ. ಆದರೂ ಕೇಳಿದರೆ ಏನು ಹೇಳಬೇಕೆಂದು ಎರಡು ವಾರ ಉತ್ತರ ತಯಾರು ಮಾಡಿಕೊಂಡಿದ್ದೆ.

ಮೊದಲ ಪ್ರಬಂಧದಲ್ಲೇ ಫೇಲಾದೆ.

ವಿಷಯ, ದೇಶದೇಶಗಳ ಸಂವಿಧಾನಗಳ ಹೋಲಿಕೆ. ಪ್ರಶ್ನೆ ಸರಳವಾಗಿತ್ತು, ಅಥವಾ ನನಗೆ ಹಾಗೆ ಕಂಡಿತು. ಅಮೆರಿಕದಲ್ಲಿ ಅಂತರ್ಯುದ್ಧಕ್ಕೆ ಎಷ್ಟೋ ವರ್ಷ ಮೊದಲು, ಬಂದರಿರುವ ನಗರವೊಂದರಲ್ಲಿ ಒಬ್ಬನಿಗೆ ಸ್ವಂತ ಹಡಗುಕಟ್ಟೆ ಇದೆ. ನಗರಾಡಳಿತದವರು ರಸ್ತೆ ಮಾಡುವ ಭರದಲ್ಲಿ ತೊರೆಗಳ ದಾರಿ ತಿರುಗಿಸುತ್ತಾರೆ. ಮಣ್ಣು, ಮರಳು ಕೊಚ್ಚಿಬಂದು ಕಟ್ಟೆಯ ಬಳಿ ನೀರಿನ ಆಳವೇ ಹೋಗಿ, ದೊಡ್ಡ ಹಡಗುಗಳು ಅತ್ತ ಸುಳಿಯದಂತಾಗುತ್ತದೆ. ಪರಿಹಾರ ಕೊಡದೆ ಯಾರ ಆಸ್ತಿಯನ್ನೂ ತೆಗೆದುಕೊಳ್ಳಬಾರದು ಎಂದು ದೇಶದ ಸಂವಿಧಾನದಲ್ಲಿದೆ. ಇವನಿಗೆ ಸಲಹೆ ಕೊಡಿ.

ನಾನು ಕೊಟ್ಟೆ. ಧೈರ್ಯವಾಗಿ ದಾವೆ ಹೂಡಪ್ಪಾ, ಗೆದ್ದೇ ಗೆಲ್ಲುತ್ತೀ ಎಂದು ಹತ್ತು ಪುಟ ಬರೆದೆ. ಅಡಿಟಿಪ್ಪಣಿಗಳ ಅಲ್ಪವಿರಾಮಗಳನ್ನು ಮೂರು ಸಲ ಪರೀಕ್ಷಿಸಿದೆ. ಪುಟಸಂಖ್ಯೆ ಬಲಕ್ಕೆ ಇರಬೇಕೋ ನಡುವೆ ಇರಬೇಕೋ ಎಂದು ಆಫೀಸಿಗೆ ಇಮೇಲ್ ಬರೆದೆ. ಕಟ್ಟೆಯವನು ಗೆಲ್ಲುತ್ತಾನೋ ಇಲ್ಲವೋ ಎಂಬುದನ್ನು ಮಾತ್ರ ನೋಡಲೇ ಇಲ್ಲ. ಅದರಲ್ಲಿ ನೋಡುವುದೇನಿದೆ ಎಂದುಕೊಂಡಿದ್ದೆ.

ನಮ್ಮ ಟ್ಯೂಟರ್ ಲೀಡ್ಸ್ ಕಡೆಯ ಹೆಂಗಸು. ಅರವತ್ತರ ಹತ್ತಿರದ ವಯಸ್ಸು, ಬಸ್ ಡ್ರೈವರನಿಂದ ಡೀನ್‌ವರೆಗೆ ಎಲ್ಲರನ್ನೂ 'ಲವ್' ಎಂದೇ ಕರೆಯುವವರು. ಅವರ ಕೋಣೆಯಲ್ಲಿ ನನ್ನ ಪ್ರಬಂಧ ಮೇಜಿನ ಮೇಲಿತ್ತು. ಮೂವತ್ತೆಂಟು ಅಂಕ. ಪಾಸಾಗಲು ಐವತ್ತು ಬೇಕು.

"ಕೂತ್ಕೋ, ಲವ್. ನಿನ್ನ ಮಾತು ಕೇಳಿ ನಿನ್ನ ಕಕ್ಷಿದಾರ ಕೋರ್ಟಿಗೆ ಹೋದ. ಸೋತ."

"ಸೋತನಾ? ಹೇಗೆ?"

"ಸಂವಿಧಾನದಲ್ಲಿರುವ ಆಸ್ತಿಯ ಹಕ್ಕು, ಅದರ ಜೊತೆಗಿನ ಹಕ್ಕುಗಳೆಲ್ಲ ಕೇಂದ್ರ ಸರ್ಕಾರವನ್ನು ಕಟ್ಟಿಹಾಕುವುದಕ್ಕೆ ಮಾತ್ರ. ರಾಜ್ಯಕ್ಕಾಗಲಿ, ರಾಜ್ಯದ ಕೆಳಗಿನ ನಗರಕ್ಕಾಗಲಿ ಅವು ಅನ್ವಯಿಸುವುದಿಲ್ಲ ಅಂತ ಅವರ ಸುಪ್ರೀಂ ಕೋರ್ಟ್ ಹೇಳಿತು. ಇದು ನಿಜವಾಗಿ ನಡೆದ ಕೇಸು. ಈ ವಿಷಯದಲ್ಲಿ ಎಲ್ಲರೂ ಮೊದಲು ಓದುವ ಕೇಸು." ಅವರು ಕನ್ನಡಕ ತೆಗೆದರು. "ನನಗೆ ಆಶ್ಚರ್ಯ ಆದದ್ದು ಬೇರೆ. ಹತ್ತು ಪುಟದಲ್ಲಿ ಎಲ್ಲೂ ಒಂದು 'ಬಹುಶಃ' ಇಲ್ಲ."

ನನ್ನ ಇಡೀ ಬದುಕಿನಲ್ಲಿ 'ಬಹುಶಃ' ಇಲ್ಲದ ಹತ್ತು ಪುಟ ಅವೇ ಇರಬೇಕು.

ಅವರು ನಿಯಮ ಹೇಳಿದರು. ಇನ್ನೊಂದೇ ಅವಕಾಶ. ಫೆಬ್ರವರಿಯಲ್ಲಿ ತರಗತಿಯೆದುರು ನಿಂತು, ಆ ಹಕ್ಕುಗಳು ಮುಂದೆ ರಾಜ್ಯ ಸರ್ಕಾರಗಳಿಗೂ ಹೇಗೆ ಅನ್ವಯವಾದವು ಎಂದು ಇಪ್ಪತ್ತು ನಿಮಿಷ ವಿವರಿಸಬೇಕು, ಪ್ರಶ್ನೆಗಳಿಗೆ ಉತ್ತರಿಸಬೇಕು. ಅದೂ ಹೋದರೆ ಕೋರ್ಸಿನಿಂದ ಹೊರಗೆ. ಎಷ್ಟೇ ಚೆನ್ನಾಗಿ ಮಾಡಿದರೂ ಎರಡನೇ ಸಲದವರಿಗೆ ಐವತ್ತಕ್ಕಿಂತ ಒಂದು ಅಂಕವೂ ಹೆಚ್ಚು ಸಿಗುವುದಿಲ್ಲ.

ರೈಲಿನಲ್ಲಿ ಕೂತು ಕಾರಣ ಹುಡುಕಿದೆ. ಸಿಕ್ಕಿತು. ಕಾರಣ ಮೈಸೂರಿನ ಸಂಜೆ ಕಾಲೇಜಿನಲ್ಲಿತ್ತು.

ಅಲ್ಲಿ ನಮಗೆ ಸಂವಿಧಾನ ಕಲಿಸಿದವರು ಹಗಲು ಕೋರ್ಟಿನಲ್ಲಿ ವಾದಿಸಿ, ಸಂಜೆ ಅದೇ ಕೋಟಿನಲ್ಲಿ ಬೆವರುತ್ತ ಬರುತ್ತಿದ್ದ ವಕೀಲರು. ಮೂಲಭೂತ ಹಕ್ಕುಗಳ ಪಾಠಕ್ಕೆ ಮುನ್ನ ಹನ್ನೆರಡನೇ ವಿಧಿಯನ್ನು ನಮ್ಮಿಂದ ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದರು, ಮಗ್ಗಿಯ ಹಾಗೆ. ಹಕ್ಕುಗಳು ಯಾರ ವಿರುದ್ಧ? ಭಾರತ ಸರ್ಕಾರ ಮತ್ತು ಸಂಸತ್ತು. ಪ್ರತಿಯೊಂದು ರಾಜ್ಯದ ಸರ್ಕಾರ ಮತ್ತು ವಿಧಾನಮಂಡಲ. ಎಲ್ಲ ಸ್ಥಳೀಯ ಪ್ರಾಧಿಕಾರಗಳು. ಕೊನೆಯದು ಬಂದಾಗ ಮೇಜು ಗುದ್ದಿ, ಕಿಟಕಿಯಾಚೆ ನಿಂತಿರುತ್ತಿದ್ದ ನಗರಪಾಲಿಕೆಯ ಕಸದ ಲಾರಿಯತ್ತ ಬೆರಳು ತೋರಿಸಿ, "ಅದೂ ಸೇರ್ತು!" ಎನ್ನುತ್ತಿದ್ದರು. ಕೆಲಸ ಮುಗಿಸಿ ಬಂದು ತೂಕಡಿಸುತ್ತಿದ್ದ ನಾವೂ ಎಚ್ಚೆತ್ತು "ಅದೂ ಸೇರ್ತು!" ಎಂದು ಕೂಗುತ್ತಿದ್ದೆವು. ಲಾರಿಯ ಡ್ರೈವರು ಒಂದು ದಿನ ಇಳಿದುಬಂದು, ಏನ್ ಸಾರ್ ನಂದೇನು ತಪ್ಪು ಎಂದು ಕೇಳಿದ್ದ.

ಹಾಗೆ ಕಲಿತವಳಿಗೆ ನಗರಾಡಳಿತವೊಂದು ಸಂವಿಧಾನಕ್ಕೆ ಸಿಗದೆ ಆಚೆ ನಿಂತಿರಬಹುದು ಎಂಬ ಯೋಚನೆ ಎಲ್ಲಿಂದ ಬರಬೇಕು? ಹಕ್ಕು ಎಂದರೆ ಕಸದ ಲಾರಿಯೂ ಸೇರಿದ್ದು. ನಾನು ಅಮೆರಿಕದವನಿಗೆ ಮೈಸೂರಿನ ಸಲಹೆ ಕೊಟ್ಟಿದ್ದೆ.

ಮನೆಯಲ್ಲಿ ಹೇಳಲಿಲ್ಲ. ಪ್ರಬಂಧ ಏನಾಯಿತು ಎಂದು ಗಂಡ ಕೇಳಿದಾಗ, ಇನ್ನೂ ತಿದ್ದುತ್ತಿದ್ದಾರೆ ಎಂದೆ. ನಮ್ಮ ಡಾಕ್ಟರ ಬಳಗದಲ್ಲಿ ಮಕ್ಕಳ ಗ್ರೇಡುಗಳು ಪೋಸ್ಟ್‌ಕೋಡ್ ಸಮೇತ ಎಲ್ಲರಿಗೂ ಗೊತ್ತಿರುತ್ತವೆ. ಅಮ್ಮನೇ ಫೇಲಾದ ಸುದ್ದಿ ಸಿಕ್ಕರೆ ಬರ್ಮಿಂಗ್‌ಹ್ಯಾಮ್‌ವರೆಗೂ ಅದನ್ನು ತಡೆಯುವವರಿರಲಿಲ್ಲ.

ಗುಟ್ಟು ಮೂರನೇ ಭಾನುವಾರ ರಟ್ಟಾಯಿತು. ನನ್ನ ತರಗತಿಯಲ್ಲಿ ಮಂಗಳೂರಿನ ಒಬ್ಬ ಬ್ಯಾರಿ ಹುಡುಗಿ ಇದ್ದಳು. ಫಾಲೋಫೀಲ್ಡಿನ ಮನೆಯೊಂದರಲ್ಲಿ ನಾಲ್ವರ ಜೊತೆ ವಾಸ, ಭಾನುವಾರ ನಮ್ಮ ಮನೆಯಲ್ಲಿ ಊಟ. ತರಗತಿಯಲ್ಲೂ ಅವಳು ನನ್ನನ್ನು ಆಂಟಿ ಎಂದೇ ಕರೆಯುತ್ತಿದ್ದುದರಿಂದ, ಉಳಿದವರೂ ಕಲಿತುಕೊಂಡು, ಮೀಸೆಯ ಗ್ರೀಕ್ ವಿದ್ಯಾರ್ಥಿಯೊಬ್ಬ ಕೂಡ ಗಂಭೀರವಾಗಿ "ಐ ಅಗ್ರೀ ವಿತ್ ಆಂಟಿ" ಎನ್ನುತ್ತಿದ್ದ. ಫೇಲಾದದ್ದನ್ನು ತರಗತಿಯಲ್ಲಿ ಅವಳೊಬ್ಬಳಿಗೆ ಹೇಳಿದ್ದೆ. ಅವತ್ತು ಅವಳು ಸಾರಿಗೆ ತುಪ್ಪ ಹಾಕಿಕೊಳ್ಳುತ್ತ ಕೇಳಿದಳು.

"ಆಂಟಿ, ಆ ಫೇಲಾದದ್ದಕ್ಕೆ ಮತ್ತೆ ಮಾಡ್ಬೇಕಲ್ಲ, ಅದಕ್ಕೆ ಎಂತ ತಯಾರಿ ಮಾಡಿದ್ರಿ?"

ಗಂಡನ ಕೈ ತಟ್ಟೆಯ ಮೇಲೇ ನಿಂತಿತು. "ಯಾರು ಫೇಲ್ ಆದರು?"

"ಅಯ್ಯೋ, ಅಂಕಲ್‌ಗೆ ಗೊತ್ತಿಲ್ವಾ?" ಅವಳು ನಾಲಿಗೆ ಕಚ್ಚಿಕೊಂಡಳು. "ಸಾರು ಒಳ್ಳೇದುಂಟು ಮಾರ್ರೆ."

ನಾನು ತಟ್ಟೆ ನೋಡುತ್ತಲೇ ಎಲ್ಲವನ್ನೂ ಹೇಳಿದೆ. ಕಟ್ಟೆ, ಮರಳು, ಮೂವತ್ತೆಂಟು, ಇನ್ನೊಂದೇ ಅವಕಾಶ. ಗಂಡ ನೀರಿನ ಲೋಟ ಪಕ್ಕಕ್ಕಿಟ್ಟರು.

"ಅಲ್ಲ, ಇದಕ್ಯಾಕ ಇಷ್ಟು ಮುಚ್ಚಿಟ್ಟೀ? ನಾ ನಮ್ಮ ಡಾಕ್ಟರಕಿ ಪರೀಕ್ಷಾ, ಎಫ್‌ಆರ್‌ಸಿಎ, ಎರಡು ಸಲ ಫೇಲ್ ಆಗೇನಿ."

"ಎರಡು ಸಲನಾ? ರಿಸಲ್ಟ್ ಪೋಸ್ಟಲ್ಲಿ ಕಳೆದುಹೋಯ್ತು ಅಂದಿದ್ರಿ!"

"ಕಳದ್ಹೋಗಿತ್ತು," ಎಂದರು ಅವರು. "ನಾನ ಕಳದಿದ್ದೆ."

ಹದಿನೇಳು ವರ್ಷ ನಾನು ಆ ಊರಿನ ಪೋಸ್ಟ್‌ಮನ್ನನನ್ನು ಬೈದುಕೊಂಡು ಬಂದಿದ್ದೆ.

ಮರುದಿನದಿಂದ ತಯಾರಿ ಬಹಿರಂಗವಾಯಿತು. ಅಡುಗೆಮನೆಯ ಫ್ರಿಜ್ಜಿನ ಮೇಲಿದ್ದ ಗಂಡನ ಡ್ಯೂಟಿಯ ರೋಟಾ ತೆಗೆದು, ಬಾಗಿಲ ನಡುವೆ ಒಂದು ಟೇಪು ಅಂಟಿಸಿದೆ. ಎಡಗಡೆ 'ಕೇಂದ್ರಕ್ಕೆ ಮಾತ್ರ', ಬಲಗಡೆ 'ರಾಜ್ಯಗಳಿಗೂ'. ಅಮೆರಿಕದ ಒಂದೊಂದು ಹಕ್ಕನ್ನೂ ಒಂದೊಂದು ಹಳದಿ ಚೀಟಿಯಲ್ಲಿ ಬರೆದು ಎಲ್ಲವನ್ನೂ ಎಡಕ್ಕೆ ಸಿಕ್ಕಿಸಿದೆ. ವಾಕ್ ಸ್ವಾತಂತ್ರ್ಯಕ್ಕೆ ಬ್ಲ್ಯಾಕ್‌ಪೂಲ್ ಗೋಪುರದ ಮ್ಯಾಗ್ನೆಟ್, ಧರ್ಮದ ಸ್ವಾತಂತ್ರ್ಯಕ್ಕೆ ಮೈಸೂರು ಅರಮನೆಯದು. ಓದುತ್ತ ಹೋದಂತೆ ಚೀಟಿಗಳು ಬಲಕ್ಕೆ ದಾಟತೊಡಗಿದವು. ಒಂದೊಂದು ದಾಟಿದಾಗಲೂ ನಾನು ಆ ವಕೀಲರ ಹಾಗೆ "ಅದೂ ಸೇರ್ತು!" ಎನ್ನುತ್ತಿದ್ದೆ.

ದಾಟಿದ ರೀತಿಯೇ ನನಗೆ ಸೋಜಿಗ. ಅಂತರ್ಯುದ್ಧ ಮುಗಿದು, ಗುಲಾಮಗಿರಿ ಹೋಗಿ, ಬಿಡುಗಡೆಯಾದವರನ್ನು ಅವರವರ ರಾಜ್ಯಗಳಿಂದಲೇ ಕಾಪಾಡಬೇಕಾಗಿ ಬಂದಾಗ ಸಂವಿಧಾನಕ್ಕೆ ಒಂದು ತಿದ್ದುಪಡಿ ಬಂತು. ನ್ಯಾಯವಾದ ಕಾನೂನು ಕ್ರಮವಿಲ್ಲದೆ ಯಾವ ರಾಜ್ಯವೂ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು ಎಂದಿತು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಮುಗಿಯಲಿಲ್ಲ. 'ಸ್ವಾತಂತ್ರ್ಯ' ಎಂಬ ಆ ಒಂದು ಮಾತಿನೊಳಗೆ ಏನೇನು ಸೇರಿದೆ ಎಂದು ಕೋರ್ಟು ಒಂದೊಂದೇ ಕೇಸಿನಲ್ಲಿ, ನೂರಕ್ಕೂ ಹೆಚ್ಚು ವರ್ಷ, ಕೊಸರಿ ಕೊಸರಿ ಹೇಳುತ್ತ ಬಂತು. ವಾಕ್ ಸ್ವಾತಂತ್ರ್ಯ ಒಂದು ಕಾಲಕ್ಕೆ, ಧರ್ಮ ಇನ್ನೊಂದು ಕಾಲಕ್ಕೆ. ಬಡ ಆರೋಪಿಗೂ ವಕೀಲರನ್ನು ಕೊಡಬೇಕೆಂಬುದು ದಾಟಿದ್ದು, ಜೈಲಿನಲ್ಲಿದ್ದವನೊಬ್ಬ ಪೆನ್ಸಿಲಿನಲ್ಲಿ ಬರೆದು ಕಳಿಸಿದ ಅರ್ಜಿಯಿಂದ. ಆ ಚೀಟಿಯನ್ನು ಬಲಕ್ಕೆ ಅಂಟಿಸಿದ ದಿನ ನಾನು ಸುಮ್ಮನೆ ಎರಡು ನಿಮಿಷ ಫ್ರಿಜ್ಜಿನ ಮುಂದೆ ನಿಂತಿದ್ದೆ. ಗಂಡ ಹಾಲು ತೆಗೆದುಕೊಳ್ಳಲು ಕಾಯುತ್ತಿದ್ದರು.

ಹದಿನಾರು ವರ್ಷದ ಮಗಳು ಓಡಾಡುವಾಗಲೆಲ್ಲ ನನ್ನ ಪರೀಕ್ಷೆ ತೆಗೆದುಕೊಳ್ಳುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಎಡಗಡೆ ಕೊನೆಗೆ ಉಳಿದ ಕೆಲವೇ ಚೀಟಿಗಳಲ್ಲಿ ಒಂದರ ಮೇಲೆ ಬೆರಳಿಟ್ಟಳು. ಮನೆಗಳಲ್ಲಿ ಸೈನಿಕರನ್ನು ಬಲವಂತವಾಗಿ ಇರಿಸಬಾರದು ಎಂಬ ಚೀಟಿ.

"ಸೋ ದ ಸ್ಟೇಟ್ ಕೆನ್ ಪುಟ್ ಸೋಲ್ಜರ್ಸ್ ಇನ್ ಮೈ ರೂಮ್?"

"ನಿನ್ನ ರೂಮಲ್ಲಿ ಸೋಲ್ಜರ್ ಕಾಲಿಡಕ್ಕೆ ಜಾಗ ಎಲ್ಲಿದೆಯೇ? ನೆಲದ ತುಂಬಾ ಬಟ್ಟೆ."

"ಹೌ ಡು ಯು ನೋ? ಅಮ್ಮಾ! ಯು ವೆಂಟ್ ಇನ್ ಅಗೇನ್! ವಿದೌಟ್ ನಾಕಿಂಗ್!"

"ರೇಡಿಯೇಟರ್ ಮೇಲೆ ಟವೆಲ್ ಹಾಕಿದ್ಯೇನೋ ಅಂತ ನೋಡಕ್ಕೆ ಹೋಗಿದ್ದೆ. ಬೆಂಕಿ ಹತ್ತಿಕೊಂಡ್ರೆ?"

"ಇಟ್ಸ್ ಅ ರೇಡಿಯೇಟರ್. ಇಟ್ಸ್ ಫುಲ್ ಆಫ್ ವಾಟರ್."

ಅವಳು ಮೆಟ್ಟಿಲನ್ನು ಸದ್ದಾಗುವಂತೆ ಹತ್ತಿಹೋದಳು. ಗೆಲುವು ಅವಳದೇ. ಆದರೂ ನಾನು ಆಮೇಲೆ ಹೋಗಿ ನೋಡಿದೆ. ಟವೆಲ್ ಇತ್ತು.

ಉಪನ್ಯಾಸ ಗುರುವಾರ ಬೆಳಿಗ್ಗೆ. ತರಗತಿಗೆ ಹಂಚುವ ಕಾಗದವನ್ನು ಬುಧವಾರ ಮಧ್ಯಾಹ್ನ ಹನ್ನೆರಡರೊಳಗೆ ಒಪ್ಪಿಸಬೇಕಿತ್ತು, ಆಮೇಲೆ ಬದಲಾಯಿಸುವಂತಿಲ್ಲ. ನಾನು ಹನ್ನೊಂದಕ್ಕೇ ಒಪ್ಪಿಸಿದೆ. ಅದರ ಕೆಳಗೆ ಒಂದು ಪುಟ್ಟ ಪಟ್ಟಿ ಇತ್ತು, ಇನ್ನೂ ರಾಜ್ಯಗಳಿಗೆ ಅನ್ವಯವಾಗದೆ ಉಳಿದ ಹಕ್ಕುಗಳದು. ಅದನ್ನು ಐದು ಪುಸ್ತಕಗಳಲ್ಲಿ ತಾಳೆ ನೋಡಿದ್ದೆ.

ಮಧ್ಯಾಹ್ನ ಮೂರೂವರೆಗೆ ಸರ್ಜರಿಯಲ್ಲಿ ಚಹಾ ಕುಡಿಯುವಾಗ ಫೋನಿನಲ್ಲಿ ಮಂಗಳೂರಿನವಳ ಸಂದೇಶ ಬಂತು. "ಆಂಟಿ!! ಅಮೆರಿಕದ ಕೋರ್ಟ್ ಈಗಷ್ಟೇ ತೀರ್ಪು ಕೊಟ್ಟಿತು. ಅತಿಯಾದ ದಂಡ ಹಾಕಬಾರದು ಅನ್ನುವುದು ರಾಜ್ಯಗಳಿಗೂ ಬಂತು ಮಾರ್ರೆ! ನಿಮ್ಮ ಪಟ್ಟಿ ಎಂತ ಮಾಡುದು ಈಗ?"

ಓದಿ ನೋಡಿದೆ. ನಿಜ. ಮಾದಕವಸ್ತು ಮಾರಿದ್ದಕ್ಕೆ ಶಿಕ್ಷೆಯಾದ ಒಬ್ಬನ ವಾಹನವನ್ನು ರಾಜ್ಯ ಸರ್ಕಾರವೊಂದು ಹಿಡಿದಿಟ್ಟುಕೊಂಡಿತ್ತು. ಆ ವಾಹನದ ಬೆಲೆ ಅವನಿಗೆ ಹಾಕಬಹುದಾಗಿದ್ದ ಗರಿಷ್ಠ ದಂಡದ ನಾಲ್ಕು ಪಟ್ಟಿಗಿಂತ ಹೆಚ್ಚು. ಅತಿಯಾದ ದಂಡ ಕೂಡದೆಂಬ ಮಾತು ರಾಜ್ಯಗಳನ್ನೂ ಕಟ್ಟಿಹಾಕುತ್ತದೆ ಎಂದು ಒಂಬತ್ತೂ ನ್ಯಾಯಾಧೀಶರು ಒಪ್ಪಿದ್ದರು. ಇನ್ನೂರಕ್ಕೂ ಹೆಚ್ಚು ವರ್ಷ ಎಡಗಡೆ ಕೂತಿದ್ದ ಚೀಟಿ ನನ್ನ ಉಪನ್ಯಾಸದ ಹಿಂದಿನ ಮಧ್ಯಾಹ್ನ ಎದ್ದು ನಡೆಯಬೇಕೇ? ಇಷ್ಟು ವರ್ಷಗಳಲ್ಲಿ ನಾನು ಚಿಂತಿಸಿದ ಸಾವಿರಾರು ಅನಾಹುತಗಳಲ್ಲಿ ಇದು ಇರಲಿಲ್ಲ. ಸಾಲಿನಲ್ಲಿ ನಿಂತ ಅಜ್ಜಿಯೊಬ್ಬಳು, "ಆರ್ ಯು ಆಲ್ರೈಟ್, ಲವ್? ಡಾಕ್ಟರನ್ನು ಕರೀಲಾ?" ಎಂದು ರಿಸೆಪ್ಶನ್ನಿಸ್ಟನ್ನೇ ಕೇಳಿದಳು.

ಮನೆಗೆ ಬಂದಾಗ ಮಗಳು ಫ್ರಿಜ್ಜಿನ ಮುಂದಿದ್ದಳು. ಸುದ್ದಿ ಹೇಳಿದೆ. ಕಾಗದ ತಪ್ಪಾಯಿತು, ಎರಡನೇ ಸಲವೂ ಹೋಯಿತು ಎಂದೆ. ಅವಳು ಚೀಟಿಯನ್ನು ಎಡದಿಂದ ತೆಗೆದು ಬಲಕ್ಕೆ ಅಂಟಿಸಿ, ಅಂಗೈಯಿಂದ ಒತ್ತಿದಳು.

"ಬಟ್ ಅಮ್ಮ, ದಿಸ್ ಈಸ್ ಲಿಟರಲಿ ಯುವರ್ ಟಾಪಿಕ್. ಇಟ್ ಹ್ಯಾಪನ್ಡ್ ಟುಡೇ. ಜಸ್ಟ್ ಟೆಲ್ ದೆಮ್."

ಹೌದಲ್ಲ, ಎನಿಸಿತು.

ಮರುದಿನ ಹದಿನಾಲ್ಕು ಜನರೆದುರು ನಿಂತೆ. "ನಿಮ್ಮ ಕೈಯಲ್ಲಿರುವ ಕಾಗದ ನಿನ್ನೆ ಮಧ್ಯಾಹ್ನ ಮೂರು ಗಂಟೆಯವರೆಗೆ ಸರಿಯಾಗಿತ್ತು," ಎಂದು ಶುರುಮಾಡಿದೆ. "ದಯವಿಟ್ಟು ಪೆನ್ನು ತೆಗೆದು ಕೊನೆಯ ಪಟ್ಟಿಯ ಮೊದಲ ಸಾಲನ್ನು ಹೊಡೆದುಹಾಕಿ. ನೀವು ಈಗ ಮಾಡುತ್ತಿರುವುದೇ ಇವತ್ತಿನ ಪಾಠ." ಹದಿನಾಲ್ಕು ಪೆನ್ನುಗಳ ಸದ್ದು ಕೇಳಿತು. ಟ್ಯೂಟರ್ ಕೂಡ ಹೊಡೆದುಹಾಕಿದರು. ಅಲ್ಲಿಂದ ಮುಂದೆ ಫ್ರಿಜ್ಜಿನ ಬಾಗಿಲು ಕಣ್ಣಮುಂದೆ ಇದ್ದಂತಿತ್ತು. ಒಂದೊಂದೇ ಚೀಟಿ ತೆಗೆದು ದಾಟಿಸುತ್ತ ಹೋದೆ. ಇಪ್ಪತ್ತು ನಿಮಿಷ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಪ್ರಶ್ನೆಗಳು ಬಂದವು, ಉತ್ತರಿಸಿದೆ. ಕೊನೆಗೆ ಟ್ಯೂಟರ್ ಕೈಯೆತ್ತಿದರು.

"ಒಂದು ಕುತೂಹಲ, ಲವ್. ಮೊದಲ ಸಲ ಕಟ್ಟೆಯವನು ಗೆದ್ದೇ ಗೆಲ್ಲುತ್ತಾನೆ ಎಂದು ಅಷ್ಟು ಗಟ್ಟಿಯಾಗಿ ಬರೆದಿದ್ದೆಯಲ್ಲ. ಯಾಕೆ?"

ಫೇಲಾದದ್ದು ಎಲ್ಲರ ಮುಂದೆ ಬಯಲಾಯಿತು. ಓದು ಸಾಲದಾಯಿತು, ಕ್ಷಮಿಸಿ ಎಂಬ ಉತ್ತರ ನನ್ನಲ್ಲಿ ಸಿದ್ಧವಿತ್ತು. ಅದರ ಬದಲು ಬಾಯಿಂದ ಬಂದದ್ದು ಬೇರೆ.

"ನಾನು ಮೈಸೂರಿನ ಒಂದು ಸಂಜೆ ಕಾಲೇಜಿನಲ್ಲಿ ಓದಿದವಳು," ಎಂದೆ. 'ಸಂಜೆ' ಎಂಬುದನ್ನು ಒತ್ತಿಯೇ ಹೇಳಿದೆ. ಬೆವರಿನ ಕೋಟಿನ ವಕೀಲರ ಬಗ್ಗೆ, ಮೇಜು ಗುದ್ದುವುದರ ಬಗ್ಗೆ, ಕಿಟಕಿಯಾಚೆಯ ಲಾರಿಯ ಬಗ್ಗೆ ಹೇಳಿದೆ. ಕಟ್ಟೆಯವನು ಕೇಳಿದ ಪ್ರಶ್ನೆಗೆ ನಮ್ಮ ಸಂವಿಧಾನ ಬರೆದವರು ಮೊದಲ ದಿನವೇ ಉತ್ತರ ಬರೆದಿಟ್ಟರು ಎಂದೆ. ಬೇರೆ ದೇಶಗಳ ಸಂವಿಧಾನಗಳನ್ನು ಓದಿದ್ದವರು ಅವರು. ದೆಹಲಿ, ರಾಜ್ಯ, ನಗರಪಾಲಿಕೆ, ಹಳ್ಳಿಯ ಪಂಚಾಯಿತಿ, ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕಿದರು. ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ವರ್ಷ, ಚೀಟಿಯಿಂದ ಚೀಟಿಗೆ, ನಿನ್ನೆ ಮಧ್ಯಾಹ್ನದವರೆಗೂ ನಡೆದ ಕೆಲಸ ನಮ್ಮಲ್ಲಿ ಒಂದು ವಾಕ್ಯ. "ಕಾಗದದಲ್ಲಿ ಸೇರಿದ ಲಾರಿ ಬೀದಿಗೆ ದಿನಾ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಬರದೇ ಇದ್ದರೆ ಕೋರ್ಟಿನ ಬಾಗಿಲಲ್ಲೇ ನಮ್ಮನ್ನು ವಾಪಸು ಕಳಿಸುವಂತಿಲ್ಲ, ಅಷ್ಟೇ. ನನ್ನ ಉತ್ತರ ಅಮೆರಿಕಕ್ಕೆ ತಪ್ಪು. ಆದರೆ ಅಂಥ ತಪ್ಪು ಬರೆಯುವಂತೆ ನನ್ನನ್ನು ಬೆಳೆಸಿದರಲ್ಲ, ಅದರ ಬಗ್ಗೆ ನನಗೆ ನಾಚಿಕೆಯಿಲ್ಲ."

ಗ್ರೀಕ್ ಮೀಸೆಯವನು, "ಐ ಅಗ್ರೀ ವಿತ್ ಆಂಟಿ," ಎಂದ. ಮಂಗಳೂರಿನವಳು ಹಿಂದಿನ ಸಾಲಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಕೇಳಿದರೆ, "ನೆಗಡಿ ಮಾರ್ರೆ," ಎಂದಳು.

ಎರಡು ವಾರಕ್ಕೆ ಫಲಿತಾಂಶ ಬಂತು. ಪೋಸ್ಟಿನಲ್ಲಿ ಕಳೆದುಹೋಗದಂತೆ ಟ್ಯೂಟರ್ ಕೈಗೇ ಕೊಟ್ಟರು. ಐವತ್ತು. ಕೆಳಗೆ ಅವರ ಕೈಬರಹದಲ್ಲಿ, "ನಿಯಮದ ಪ್ರಕಾರ ಐವತ್ತು. ನಿಯಮ ಇಲ್ಲದಿದ್ದರೆ ಎಪ್ಪತ್ತಮೂರು. ಆ ಲಾರಿಯನ್ನು ಮುಂದಿನ ವರ್ಷ ನನ್ನ ಪಾಠದಲ್ಲಿ ಬಳಸಿಕೊಳ್ಳಲೇ?" ಎಂದಿತ್ತು. ಸ್ಟಾಕ್‌ಪೋರ್ಟಿಗೆ ಬರುವ ರೈಲಿನಲ್ಲಿ ಆ ಕಾಗದವನ್ನು ನಾಲ್ಕು ಸಲ ತೆಗೆದು ನೋಡಿದೆ. ಮೈಸೂರಿನಲ್ಲಿ ನನಗೆ ಒಂದು ವಿಷಯದಲ್ಲಿ ರ್‍ಯಾಂಕ್ ಬಂದಿತ್ತು. ಅವತ್ತೂ ಇಷ್ಟು ಹೆಮ್ಮೆಯಾಗಿರಲಿಲ್ಲ.

ಗಂಡ ಓದಿದರು. "ಐವತ್ತು ಅಂದ್ರ ಪೂರಾ ಐವತ್ತು. ನನಗ ಮೂರನೇ ಸಲ ಬಂದದ್ದು ಹೇಳಂಗಿಲ್ಲ, ಬಿಡು," ಎಂದು ಅದನ್ನು ಫ್ರಿಜ್ಜಿನ ನಟ್ಟನಡುವೆ ಮೈಸೂರು ಅರಮನೆಯ ಮ್ಯಾಗ್ನೆಟ್ಟಿನ ಕೆಳಗೆ ಸಿಕ್ಕಿಸಿದರು. ಆ ವಾರ ಊಟಕ್ಕೆ ಬಂದ ಡಾಕ್ಟರ ಬಳಗವೆಲ್ಲ ಅದನ್ನು ಓದುವಂತಾಯಿತು. ನಾನು ತೆಗೆಯಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಹಾಲಿಗೆಂದು ಹೋದಾಗ ಪಕ್ಕದಲ್ಲಿ ಹೊಸ ಹಳದಿ ಚೀಟಿಯೊಂದು ಕಂಡಿತು. ಬಲಗಡೆ, ರಾಜ್ಯಗಳ ಸಾಲಿನ ಕೆಳಗೆ. ಮಗಳ ಅಕ್ಷರ. ಬಾಗಿಲು ತಟ್ಟದೆ ಯಾರೂ ಅವಳ ಕೋಣೆಗೆ ಬರಬಾರದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದರ ಕೆಳಗೆ, ನನ್ನ ತಾಲೀಮುಗಳನ್ನು ಮೂರು ತಿಂಗಳು ಕೇಳಿ ಕಲಿತದ್ದನ್ನು, ತನಗೆ ಬಾರದ ಕನ್ನಡ ಲಿಪಿಯಲ್ಲಿ ಎಲ್ಲಿಂದಲೋ ನೋಡಿ ಅಕ್ಷರ ಅಕ್ಷರವಾಗಿ ಬಿಡಿಸಿದ್ದಳು: ಅಮ್ಮನೂ ಸೇರ್ತು.

ಮೇಲೆ ಹೋದೆ. ರೇಡಿಯೇಟರಿನ ಮೇಲೆ ಟವೆಲ್ ಇರುವುದು ಖಂಡಿತ ಎನಿಸುತ್ತಿತ್ತು. ಬಾಗಿಲಿನ ಮುಂದೆ ನಿಂತು, ಕೆಲಸಕ್ಕೆ ಹೊರಡಲು ಹಾಕಿದ್ದ ಕೋಟು ಸರಿಮಾಡಿಕೊಂಡು, ಎರಡು ಸಲ ತಟ್ಟಿದೆ.

"ಹೂ ಈಸ್ ಇಟ್?"

"ಸ್ಥಳೀಯ ಪ್ರಾಧಿಕಾರ," ಎಂದೆ.

ಒಳಗಿನಿಂದ ನಗು ಕೇಳಿತು. ಬಾಗಿಲು ಮಾತ್ರ ಕೂಡಲೇ ತೆರೆಯಲಿಲ್ಲ. ನಾನು ಅಲ್ಲೇ ಕಾದು ನಿಂತೆ.